ಕೊಕ್ಕರೆಬೆಳ್ಳೂರಿನ ಬೀದಿ

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಹಕ್ಕಿ ನೋಡುವ ಹಾದಿಯೆಂದರೆ ಊರಬೀದಿಯೇ. ಶಿಂಷಾ ನದಿಯ ದಂಡೆಯಲ್ಲಿದ್ದ ಹಳೆಯ ಊರು ಪ್ಲೇಗಿಗೆ ಹೆದರಿ ಈಗಿನ ಜಾಗಕ್ಕೆ ಬಂತು, ಹಕ್ಕಿಗಳೂ ಬೆನ್ನಿಗೇ ಬಂದವು ಎಂಬುದು ಊರಿನವರ ಮಾತು. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಚಳಿಗಾಲದಿಂದ ಬೇಸಿಗೆಯವರೆಗೆ ಮನೆಗಳ ನಡುವಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಮರದ ಬುಡದಲ್ಲಿ ಗುಂಡಿ ತೋಡಿ, ಉದುರುವ ಹಿಕ್ಕೆಗೆ ಕೆರೆಗೋಡು ಬೆರೆಸಿ ಗದ್ದೆಗೆ ಗೊಬ್ಬರ ಮಾಡುವುದು ರೈತರ ಹಳೆಯ ರೂಢಿ. ನಾತಕ್ಕೆ ಮೂಗು ಮುಚ್ಚುವವರು ಬಹುತೇಕ ಹೊರಗಿನವರೇ. 1976ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಗುರುತಿಸಿದ ಮೇಲೆ ಊರಿನ ಹೆಸರು ದೂರಕ್ಕೆ ಹಬ್ಬಿತು. ಗೂಡಿನಿಂದಾಗಿ ಕೈತಪ್ಪುವ ಹುಣಸೆ ಫಸಲಿಗೆ ಅರಣ್ಯ ಇಲಾಖೆ ಮರದ ಒಡೆಯರಿಗೆ ಪರಿಹಾರ ಕೊಡತೊಡಗಿತು. 2007ರಲ್ಲಿ ಈ ತಾಣ ಸಮುದಾಯ ಮೀಸಲು ಪ್ರದೇಶವಾಯಿತು.