ಪರನಾಡಿನ ಗುರು: ಕಲಬುರಗಿಯಲ್ಲಿ ಬಂದೇನವಾಜರು

ಖ್ವಾಜಾ ಬಂದೇನವಾಜ್ ಗೇಸುದರಾಜರಿಗೆ ಕಲಬುರಗಿ ಪರನಾಡು. 1321ರಲ್ಲಿ ದಿಲ್ಲಿಯಲ್ಲಿ ಹುಟ್ಟಿ, ಬಾಲ್ಯದ ಕೆಲವು ವರ್ಷ ದೌಲತಾಬಾದಿನಲ್ಲಿ ಕಳೆದು, ದಿಲ್ಲಿಗೆ ಮರಳಿ ಸೂಫಿಗಳ ಚಿಶ್ತಿ ಪಂಥದ ಗುರುವಾಗಿದ್ದ ಅವರು 1398ರಲ್ಲಿ ತೈಮೂರನ ದಾಳಿಯ ಹೊತ್ತಿಗೆ ಊರು ಬಿಟ್ಟರು. ಗುಜರಾತಿನ ಮೇಲೆ ಹಾದು ಇಲ್ಲಿ ನೆಲೆಸುವಾಗ ಅವರಿಗೆ ಸುಮಾರು ಎಂಬತ್ತು ವರ್ಷ. ಬಹಮನಿ ಸುಲ್ತಾನ ಫಿರೋಜ್ ಷಾ ಮೊದಲು ಆದರದಿಂದ ಬರಮಾಡಿಕೊಂಡ. ಆಮೇಲೆ ಸಂಬಂಧ ಹಳಸಿತು. ಅವರ ಖಾನ್‌ಖಾಹದ, ಅಂದರೆ ಸೂಫಿ ಮಠದ, ಜನಸಂದಣಿ ಕೋಟೆಗೆ ತೊಡಕೆಂದು ಬೇರೆಡೆ ಹೋಗಲು ಸುಲ್ತಾನ ಹೇಳಿಕಳಿಸಿದನೆಂದು ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ಅವನು ಬರೆದದ್ದು ಸುಮಾರು ಇನ್ನೂರು ವರ್ಷಗಳ ನಂತರ, ನಿಜ. ಆದರೆ ಈಗಿನ ದರ್ಗಾ ಕೋಟೆಯಿಂದ ದೂರವೇ ಇದೆ.

ಅರಸರ ಕೃಪೆಯಿಂದಲೇ ಅವರು ಇಲ್ಲಿ ಬೇರೂರಿದರು ಎಂಬ ವಾದವುಂಟು. 1422ರಲ್ಲಿ ಪಟ್ಟಕ್ಕೆ ಬಂದ ಅಹಮದ್ ಷಾ ಬಂದೇನವಾಜರ ಭಕ್ತ. ಅದೇ ವರ್ಷ ಖ್ವಾಜಾ ತೀರಿಕೊಂಡರು, ಸಮಾಧಿಗೆ ರಾಜಾಶ್ರಯವೂ ದೊರೆಯಿತು. ಆದರೆ ಕೃಪೆಯೊಂದೇ ಕಾರಣವಾಗಿದ್ದರೆ ಫಿರೋಜನ ಮುನಿಸಿಗೆ ಜನ ಚದುರಬೇಕಿತ್ತು. ಅಹಮದ್ ಷಾನೇ ಮುಂದೆ ರಾಜಧಾನಿಯನ್ನು ಬೀದರಿಗೆ ಒಯ್ದು, ಇರಾನಿನ ಕಿರ್ಮಾನಿನಿಂದ ಸೂಫಿ ಗುರು ನಿಯಾಮತುಲ್ಲಾರ ಮನೆತನದವರನ್ನು ಕರೆಸಿಕೊಂಡ. ಇಂದು ಕಮಲಾಪುರ, ಹುಮನಾಬಾದ್ ದಾಟಿ ಬೀದರಿಗೆ ಹೋಗುವವರು ಸಿಂಹಾಸನ ಸರಿದ ದಿಕ್ಕಿನಲ್ಲೇ ಸಾಗುತ್ತಾರೆ. ಗುರುವಿನ ಗದ್ದುಗೆ ಮಾತ್ರ ಸರಿಯಲಿಲ್ಲ. ಅವರನ್ನು ಬರಿಯ ಮತಪ್ರಚಾರಕ ಎನ್ನುವುದೂ ಪೂರ್ತಿ ಸರಿಯಲ್ಲ: ಅವರ ಬರವಣಿಗೆಯಲ್ಲಿ ಹೆಚ್ಚಿನದು ಶಿಷ್ಯರ ಸಾಧನೆಗೆ, ಸೂಫಿ ಗ್ರಂಥಗಳ ವ್ಯಾಖ್ಯಾನಕ್ಕೆ ಮೀಸಲು. ಪ್ರತಿ ವರ್ಷ ಜುಲ್‌ಕಾದ ತಿಂಗಳ ಉರುಸಿಗೆ ಎಲ್ಲ ಮತದ ಜನರೂ ಇಲ್ಲಿ ಸೇರುತ್ತಾರೆ.