ಒಂದು ವರ್ಷದ ಗಡುವು

ಕಾಡುಗಳ್ಳ ವೀರಪ್ಪನ್ ಬೇಟೆಯ ಕಥೆ ಚಾಮರಾಜನಗರ ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತು. ಆ ಬೇಟೆಯಲ್ಲಿ ನರಳಿದ ಹಳ್ಳಿಗರು ಪೊಲೀಸರ ಮೇಲೆ ದಾವೆ ಹೂಡಲಿಲ್ಲವೇಕೆ ಎಂದು ಕೇಳಿದವರು ಕಡಿಮೆ. ಭಯ, ಬಡತನ ಎಂಬ ಉತ್ತರ ನಿಜವೇ. ಆದರೆ ಕಾನೂನೇ ಅಡ್ಡ ನಿಂತಿತ್ತು ಎಂಬುದು ಅದಕ್ಕಿಂತ ದೊಡ್ಡ ನಿಜ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಕಲಮಿನಂತೆ, ಪೊಲೀಸರು ಕರ್ತವ್ಯದ ಹೆಸರಿನಲ್ಲಿ ಅಥವಾ ಅದನ್ನು ಮೀರಿ ಮಾಡಿದ ಕೃತ್ಯಕ್ಕೆ ದಾವೆ ಹೂಡಲು ಸರ್ಕಾರದ ಪೂರ್ವಾನುಮತಿ ಬೇಕು, ಒಂದು ವರ್ಷದೊಳಗೆ ಹೂಡಬೇಕು, ಅದಕ್ಕೂ ಒಂದು ತಿಂಗಳು ಮೊದಲು ಆ ಅಧಿಕಾರಿಗೇ ನೋಟಿಸು ಕೊಡಬೇಕು. ನೊಂದವರು ಆ ಗಡುವಿನೊಳಗೆ ದಾವೆ ಹೂಡುವ ಸ್ಥಿತಿಯಲ್ಲಿರಲಿಲ್ಲ. ವೀರಪ್ಪನ್ ಬೇಟೆಗಿಳಿದ ಪೊಲೀಸ್ ಕಾರ್ಯಪಡೆಯ ಮಲೆ ಮಹದೇಶ್ವರ ಬೆಟ್ಟದ ಶಿಬಿರದಲ್ಲಿ ‘ವರ್ಕ್‌ಶಾಪ್’ ಎನ್ನುತ್ತಿದ್ದ ಜಾಗವೊಂದಿತ್ತು. ಅಲ್ಲಿ ತಮಗೆ ಕರೆಂಟ್ ಶಾಕ್ ಕೊಟ್ಟರೆಂದು ಹೇಳಿದವರು ಹಲವರು. ಭಯೋತ್ಪಾದನೆ ತಡೆ ಕಾಯ್ದೆಯಾದ ಟಾಡಾದ ಕೇಸಿಗೆ ಸಿಕ್ಕವರಿಗೆ ಜಾಮೀನೂ ದುರ್ಲಭ. ಆ ಕೇಸುಗಳಲ್ಲಿ ಮೈಸೂರಿನ ವಿಶೇಷ ನ್ಯಾಯಾಲಯ ತೀರ್ಪು ಕೊಟ್ಟದ್ದು 2001ರಲ್ಲಿ. ನೂರಕ್ಕೂ ಹೆಚ್ಚು ಮಂದಿ ಖುಲಾಸೆಯಾದರು. ಅಷ್ಟರಲ್ಲಿ ದಾವೆಯ ಗಡುವು ಮುಗಿದು ಎಷ್ಟೋ ವರ್ಷಗಳಾಗಿದ್ದವು.

ಪೊಲೀಸರೂ ಸತ್ತರಲ್ಲ ಎನ್ನುವವರಿದ್ದಾರೆ. ಹೌದು, 1992ರ ಆಗಸ್ಟಿನಲ್ಲಿ ಮೀಣ್ಯದ ಬಳಿ ಎಸ್‌ಪಿ ಹರಿಕೃಷ್ಣ, ಸಬ್‌ಇನ್ಸ್‌ಪೆಕ್ಟರ್ ಶಕೀಲ್ ಅಹ್ಮದ್ ಸತ್ತರು. 1993ರ ಏಪ್ರಿಲ್ 9ರಂದು ಪಾಲಾರ್ ಸ್ಫೋಟಕ್ಕೆ 22 ಮಂದಿ ಬಲಿಯಾದರು. ಅಂಥ ಕಾಡಿಗಿಳಿಯುವವರಿಗೆ ಕಾನೂನಿನ ರಕ್ಷಣೆ ಬೇಕೆಂಬ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಗುಂಡಿನ ಚಕಮಕಿಯ ನಡುವೆ ತೆಗೆದುಕೊಂಡ ನಿರ್ಧಾರ ಬೇರೆ, ಕಟ್ಟಿಹಾಕಿದವನ ಮೈಗೆ ಕರೆಂಟ್ ಹಾಯಿಸುವುದು ಬೇರೆ. ವೀರಪ್ಪನ್ ನಟ ರಾಜ್‌ಕುಮಾರ್ ಅವರನ್ನು ಅಪಹರಿಸಿದ 2000ದಲ್ಲಿ, ಅವರ ಬಿಡುಗಡೆಗಾಗಿ ಸರ್ಕಾರ ಟಾಡಾ ಕೇಸುಗಳನ್ನು ಹಿಂತೆಗೆಯಲು ಹೊರಟಾಗ, ಶಕೀಲ್ ಅವರ ತಂದೆ ಅಬ್ದುಲ್ ಕರೀಂ ಸುಪ್ರೀಂ ಕೋರ್ಟಿಗೆ ಹೋಗಿ ಅದನ್ನು ತಡೆದರು. ಆ ವೃದ್ಧ ತಂದೆಗೆ ಸಿಕ್ಕ ವಿಚಾರಣೆ ಬೆಟ್ಟದ ಕೂಲಿಕಾರನಿಗೂ ಸಿಗಬೇಕಿತ್ತು.

ಅವನಿಗೆ ಸಿಕ್ಕದ್ದು ಆಯೋಗ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಕಾರ್ಯಪಡೆಯ ಮೇಲಿನ ದೂರುಗಳ ವಿಚಾರಣೆಗೆ 1999ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿ ನೇಮಿಸಿತು. 2007ರಲ್ಲಿ 89 ಮಂದಿಗೆ 2.80 ಕೋಟಿ ರೂಪಾಯಿ ಮಧ್ಯಂತರ ಪರಿಹಾರ ಘೋಷಿಸಿತು. ಸರಾಸರಿ ತಲೆಗೆ ಮೂರು ಲಕ್ಷಕ್ಕೆ ತುಸು ಹೆಚ್ಚು. ಇಷ್ಟಾದರೂ ಆಯಿತಲ್ಲ ಎಂದು ಸಮಾಧಾನಪಡುವವರಿಗೆ ನನ್ನ ಉತ್ತರವಿದು: ದಾವೆಯಲ್ಲಿ ನೊಂದವನು ಇಂಥವರೇ ಹೊಡೆದರೆಂದು ಹೆಸರಿಸುತ್ತಾನೆ, ಆ ಹೆಸರಿನವರು ಪಾಟೀಸವಾಲಿಗೆ ನಿಲ್ಲಬೇಕಾಗುತ್ತದೆ. ಬೊಕ್ಕಸದ ಹಣ ಆ ಕೆಲಸ ಮಾಡದು. ಆಯೋಗ ಶಿಫಾರಸು ಮಾಡಬಲ್ಲದು, ತೀರ್ಪು ಕೊಡಲಾರದು. ಪೊಲೀಸ್ ಸುಧಾರಣೆ ಕುರಿತ ಸುಪ್ರೀಂ ಕೋರ್ಟಿನ 2006ರ ಆದೇಶದ ನಂತರ, ಪೊಲೀಸ್ ಕಾಯ್ದೆಯ 2012ರ ತಿದ್ದುಪಡಿಯಿಂದ ರಾಜ್ಯಕ್ಕೆ ಪೊಲೀಸ್ ದೂರು ಪ್ರಾಧಿಕಾರವೇನೋ ಬಂತು. ಆದರೆ ಸೆರೆಯಲ್ಲಿ ಕಳೆದ ದಿನಗಳನ್ನು 170ನೇ ಕಲಮಿನ ಗಡುವಿನ ಲೆಕ್ಕದಿಂದ ಬಿಡಬೇಕೆಂಬ ಒಂದು ಸಾಲನ್ನಾದರೂ ಶಾಸನಸಭೆ ಆ ಕಾಯ್ದೆಗೆ ಸೇರಿಸಬೇಕು.