ಏಳು ಸೆಕೆಂಡಿನ ಡಾಲ್ಫಿನ್ ಮತ್ತು ಯಂತ್ರದ ಮೀನು

ಮೀನಿನ ಹಾಗೆ ಈಜುವ ರೋಬಾಟ್‌ಗಳ ಚರಿತ್ರೆ ಓದುತ್ತಾ ಹೋದರೆ ಜೇಮ್ಸ್ ಗ್ರೇ ಅನ್ನೋ ಹೆಸರು ಪದೇ ಪದೇ ಸಿಗುತ್ತೆ. ಕೇಂಬ್ರಿಡ್ಜ್‌ನ ಪ್ರಾಣಿಶಾಸ್ತ್ರಜ್ಞ. 1936ರಲ್ಲಿ ಈತ ಒಂದು ಲೆಕ್ಕ ಹಾಕಿದ.

ಸಮುದ್ರದಲ್ಲಿ ಹೋಗುತ್ತಿದ್ದ ಹಡಗೊಂದನ್ನು ಡಾಲ್ಫಿನ್ ಒಂದು ಹಿಂದಿನಿಂದ ಬಂದು 7 ಸೆಕೆಂಡಿನಲ್ಲಿ ದಾಟಿ ಹೋಗಿತ್ತು. ಅಂದರೆ ಸೆಕೆಂಡಿಗೆ ಸುಮಾರು 10 ಮೀಟರ್ ವೇಗ. ಆ ವೇಗಕ್ಕೆ ನೀರು ಒಡ್ಡುವ ತಡೆ ಎಷ್ಟು, ಡಾಲ್ಫಿನ್ನಿನ ಸ್ನಾಯುಗಳ ತಾಕತ್ತು ಎಷ್ಟು ಅಂತ ಗ್ರೇ ತಾಳೆ ನೋಡಿದ. ಬೇಕಾದ್ದು ಇರೋದರ ಏಳು ಪಟ್ಟು! ಲೆಕ್ಕದ ಪ್ರಕಾರ ಅದು ಹಾಗೆ ಈಜೋಕೆ ಸಾಧ್ಯವೇ ಇಲ್ಲ. ಪಾಪ, ಡಾಲ್ಫಿನ್ನಿಗೆ ಇದು ಗೊತ್ತಿರಲಿಲ್ಲ :-)

ನೀರು ಸುಳಿಯೇಳದೆ ಜಾರಿಹೋಗುವ ಗುಟ್ಟು ಅದರ ಮೈಯಲ್ಲೇ ಇರಬೇಕು ಅಂತ ಗ್ರೇ ಊಹಿಸಿದ. ‘ಗ್ರೇ ಒಗಟು’ ಅಂತ ಇದಕ್ಕೆ ಹೆಸರೂ ಬಿತ್ತು.

1990ರ ದಶಕದಲ್ಲಿ ಅಮೆರಿಕದ ಎಂಐಟಿಯಲ್ಲಿ ಮೈಕೇಲ್ ಟ್ರಯಾಂಟಫಿಲು ತಂಡ ಈ ಒಗಟನ್ನು ಬಿಡಿಸೋಕೆ ಒಂದು ಮೀನನ್ನೇ ಕಟ್ಟಿತು. ಹೆಸರು ರೋಬೋಟ್ಯೂನಾ. ಬ್ಲೂಫಿನ್ ಟ್ಯೂನಾ ಮೀನಿನ ಆಕಾರ, ಉದ್ದ ಸುಮಾರು 1.25 ಮೀಟರ್, ಒಳಗೆ ಕೀಲುಕೀಲಾದ ಬೆನ್ನೆಲುಬು, ಪಕ್ಕೆಲುಬು, ಮೇಲೆ ಈಜುಡುಗೆಗೆ ಬಳಸುವ ಲೈಕ್ರಾ ಬಟ್ಟೆಯ ಚರ್ಮ. ಉದ್ದನೆಯ ನೀರಿನ ತೊಟ್ಟಿಯಲ್ಲಿ ಮೇಲಿನಿಂದ ತೂಗುಹಾಕಿ ಈಜಿಸಿದರು. ಮೈ ಸೆಟೆದುಕೊಂಡ ಮೀನನ್ನು ಎಳೆಯೋದಕ್ಕಿಂತ, ಮೈ ಬಳುಕಿಸುತ್ತಾ ಅದೇ ವೇಗದಲ್ಲಿ ಈಜೋದಕ್ಕೆ ಕಡಿಮೆ ಶಕ್ತಿ ಸಾಕು ಅಂತ ಅಳತೆ ಹೇಳಿತು. ಮೈಯಿಂದ ಏಳುವ ಸುಳಿಗಳನ್ನು ಬಾಲ ತನ್ನ ಕೆಲಸಕ್ಕೇ ಬಳಸಿಕೊಳ್ಳುತ್ತೆ. ಸುಳಿ ಬರೀ ಶತ್ರು ಅಲ್ಲ!

ಈ ದಾರಿಯಲ್ಲಿ ಆಮೇಲೆ ಎಷ್ಟೋ ಯಂತ್ರಮೀನುಗಳು ಬಂದವು. ಎಂಐಟಿಯದೇ ‘ಸೋಫೈ’ ಫಿಜಿಯ ಹವಳದ ದಿಬ್ಬಗಳಲ್ಲಿ ನಿಜವಾದ ಮೀನುಗಳ ನಡುವೆ ಈಜಿತು.

ಹಾಗಾದರೆ ಡಾಲ್ಫಿನ್ನಿನ ಗುಟ್ಟೇನು? 2008ರಲ್ಲಿ ತಿಮೊತಿ ವೀ ತಂಡ ಡಾಲ್ಫಿನ್‌ಗಳನ್ನು ಗಾಳಿಗುಳ್ಳೆಗಳ ನಡುವೆ ಈಜಿಸಿ, ಗುಳ್ಳೆಗಳು ಸರಿದಾಡಿದ ವಿಡಿಯೋದಿಂದ ಅವುಗಳ ಬಲ ಅಳೆಯಿತು. ಗ್ರೇ ಅಂದುಕೊಂಡಿದ್ದಕ್ಕಿಂತ ಅವು ಎಷ್ಟೋ ಪಟ್ಟು ಬಲಶಾಲಿಗಳು. ಹಳೇ ಲೆಕ್ಕದಲ್ಲಿದ್ದದ್ದು ನಿಮಿಷಗಟ್ಟಲೆ ದುಡಿಯುವ ಸ್ನಾಯುವಿನ ತಾಕತ್ತು, ಆದರೆ ಡಾಲ್ಫಿನ್ ಓಡಿದ್ದು ಬರೀ 7 ಸೆಕೆಂಡು. ನೂರು ಮೀಟರ್ ಓಟಗಾರನನ್ನು ಮ್ಯಾರಥಾನ್ ಲೆಕ್ಕದಲ್ಲಿ ಅಳೆದ ಹಾಗೆ.

ಇನ್‌ಪುಟ್ ಕಸವಾದರೆ ಔಟ್‌ಪುಟ್ಟೂ ಕಸ ಅಂತ ನಮ್ಮ ಸಾಫ್ಟ್‌ವೇರ್ ಮಂದಿ ಹೇಳ್ತೀವಿ. ಇಲ್ಲಿ ನೋಡಿ, ಡಾಲ್ಫಿನ್ನಿನ ಬಲವನ್ನು ನೇರವಾಗಿ ಅಳೆಯೋಕೆ 72 ವರ್ಷ ಹಿಡಿಯಿತು, ಅಷ್ಟರೊಳಗೆ ತಪ್ಪು ಲೆಕ್ಕವೊಂದು ಸುಳಿಗಳ ಬಗ್ಗೆ ನಿಜವನ್ನೇ ಕಲಿಸಿಬಿಟ್ಟಿತ್ತು. ಉತ್ತರಕ್ಕಿಂತ ಪ್ರಶ್ನೆ ದೊಡ್ಡದು ಅನ್ನೋದು ಇದಕ್ಕೇ ಏನೋ.. ನೀವೇನಂತೀರಿ?